ಅಷ್ಟುದ್ದ ಪದ, ಇಷ್ಟೇ ಅರ್ಥ

ಅಮ್ಮನಿಗೆ ಹುಳಿತೇಗು, ಎದೆಯುರಿ ಜಾಸ್ತಿಯಾಗಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಒಂದು ಪರೀಕ್ಷೆ ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ಇದ್ದದ್ದು ಒಂದೇ ಪದ. ಆ ಅಂಚಿನಿಂದ ಈ ಅಂಚಿನವರೆಗೂ ಹಬ್ಬಿತ್ತು. ಈಸೋಫೇಗೋಗ್ಯಾಸ್ಟ್ರೋಡ್ಯುವೊಡಿನಾಸ್ಕೊಪಿ.

"ಏನೋ ಇದು, ರೈಲು ಇದ್ದ ಹಾಗಿದೆ? ನನ್ನ ಕಾಯಿಲೆ ಇಷ್ಟುದ್ದ ಇದೆಯಾ?"

"ಕಾಯಿಲೆ ಅಲ್ಲಮ್ಮ, ಪರೀಕ್ಷೆ."

"ಏನು ಪರೀಕ್ಷೆ?"

ನಾನು 15 ವರ್ಷದಿಂದ ಬೆಳಿಗ್ಗೆಯಿಂದ ಸಂಜೆವರೆಗೆ ಇಂಗ್ಲಿಷಿನಲ್ಲೇ ಕೆಲಸ ಮಾಡುವವನು. ಆ ಪದವನ್ನು ಗಟ್ಟಿಯಾಗಿ ಓದುವುದಕ್ಕೂ ನನ್ನಿಂದ ಆಗಲಿಲ್ಲ. "ಏನೋ ಹೊಟ್ಟೆದು" ಅಂದೆ.

"ಹೊಟ್ಟೆದು ಅಂತ ನನಗೂ ಗೊತ್ತು ಕಣೋ" ಅಂದಳು.

ಅಷ್ಟರಲ್ಲಿ ನರ್ಸ್ ಬಂದು "ಎಂಡೋಸ್ಕೊಪಿ ತಾನೇ, ಬನ್ನಿ" ಅಂದರು. ಅಮ್ಮ ಎದ್ದು ಹೋದಳು. ಅಂಥದ್ದೇನೂ ಇರಲಿಲ್ಲ, ಮಾತ್ರೆ ಕೊಟ್ಟು ಕಳಿಸಿದರು. ಆದರೆ ಆ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ಮರ್ಯಾದೆ ಹೋದದ್ದು ಅಮ್ಮನ ಮುಂದೆ ಅಲ್ವಾ, ಅದು ಬೇಗ ಮರೆಯುವುದಿಲ್ಲ.

ಉದ್ದದ ಇಂಗ್ಲಿಷ್ ಪದಗಳನ್ನು ಕಲಿತೇ ತೀರುತ್ತೇನೆ ಅಂತ ಒಂದು ನೋಟ್‌ಬುಕ್ ತೆಗೆದದ್ದು ಅವತ್ತೇ ರಾತ್ರಿ.

ಮೊದಲು ಮಾಡಿದ್ದು ಪೂರ್ತಿ ದಡ್ಡ ಕೆಲಸ. ಇಂಗ್ಲಿಷಿನ ಹತ್ತು ಅತಿ ಉದ್ದದ ಪದಗಳನ್ನು ಬರೆದುಕೊಂಡು ಮಗ್ಗಿ ಥರ ಉರು ಹೊಡೆಯಲು ಕೂತೆ. ಮೊದಲನೆಯದೇ 45 ಅಕ್ಷರದ್ದು. ನ್ಯೂಮೊನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್. ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಂಡಿದ್ದೆ. ಅರ್ಥ ನೋಡೋಣ ಅಂತ ಡಿಕ್ಷನರಿ ತೆಗೆದು ಎನ್ ಅಕ್ಷರದ ಪುಟಗಳನ್ನೆಲ್ಲ ಜಾಲಾಡಿದೆ. ಇಲ್ಲ. ಆಮೇಲೆ ಹೊಳೆಯಿತು. ಇದು ಶುರುವಾಗುವುದು ಪಿ ಅಕ್ಷರದಿಂದ. ಆ ಪಿ ಬರೆಯುವುದಕ್ಕೆ ಮಾತ್ರ, ಬಾಯಲ್ಲಿ ಬರುವುದಿಲ್ಲ. ಗ್ರೀಕರು ಆ ಪಿಯನ್ನು ಸರಿಯಾಗಿ ಉಚ್ಚರಿಸುತ್ತಿದ್ದರು, ಇಂಗ್ಲಿಷಿನವರು ನುಂಗಿಬಿಟ್ಟರು. ಸೈಕಾಲಜಿಯ ಕಥೆಯೂ ಇದೇ. ಬರೆದ ಹಾಗೇ ಓದುವ ಭಾಷೆಯಲ್ಲಿ ಬೆಳೆದವರಿಗೆ ಇದೊಂದು ದೊಡ್ಡ ಕಾಟ.

ಪದದ ಹುಟ್ಟು ಗೊತ್ತಾದಾಗ ಇನ್ನಷ್ಟು ಸಿಟ್ಟು ಬಂತು. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್ ಅನ್ನುವ ಒಗಟುಗಾರರ ಸಂಘದ ಸಭೆಯಲ್ಲಿ ಅದರ ಅಧ್ಯಕ್ಷ ಎವರೆಟ್ ಸ್ಮಿತ್ ಕಟ್ಟಿದ ಪದ ಇದು. ಉದ್ದ ಇರಲಿ ಅಂತಲೇ ಕಟ್ಟಿದ್ದು. ತೀರಾ ಸಣ್ಣ ಸಿಲಿಕಾ ದೂಳು ಕುಡಿದು ಶ್ವಾಸಕೋಶಕ್ಕೆ ಬರುವ ಕಾಯಿಲೆ ಅಂತ ಅರ್ಥ. ಆಮೇಲೆ ಆಕ್ಸ್‌ಫರ್ಡ್, ವೆಬ್‌ಸ್ಟರ್ ಡಿಕ್ಷನರಿಗಳೂ ಇದನ್ನು ಒಳಗೆ ಬಿಟ್ಟುಕೊಂಡವು. ಆದರೆ ಡಾಕ್ಟರುಗಳು ಇಂಥ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೇಳಿ ಮುಗಿಸುತ್ತಾರೆ. ಯಾರೂ ಬಳಸದ ಪದಕ್ಕೆ ನಾನು ಮೂರು ರಾತ್ರಿ ಹಾಳು ಮಾಡಿಕೊಂಡಿದ್ದೆ. ನಾಲ್ಕನೇ ದಿನ ಉರು ಹೊಡೆಯುವುದನ್ನು ಬಿಟ್ಟೆ.

ಆಮೇಲೆ ಅಮ್ಮನ ಚೀಟಿಯನ್ನೇ ಮೇಜಿನ ಮೇಲೆ ಹರಡಿಕೊಂಡೆ. ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಒಡೆದೆ. ಈಸೋಫೇಗೋ ಅಂದರೆ ಅನ್ನನಾಳ. ಗ್ಯಾಸ್ಟ್ರೋ ಅಂದರೆ ಜಠರ. ಡ್ಯುವೊಡಿನಮ್ ಅಂದರೆ ಜಠರ ದಾಟಿದ ಮೇಲೆ ಬರುವ ಸಣ್ಣ ಕರುಳಿನ ಮೊದಲ ಭಾಗ. ಈ ಡ್ಯುವೊಡಿನಮ್ ಲ್ಯಾಟಿನ್ನಿನ ಹನ್ನೆರಡು ಅನ್ನುವ ಪದದಿಂದ ಬಂದದ್ದು. ಆ ತುಂಡಿನ ಉದ್ದ ಸುಮಾರು ಹನ್ನೆರಡು ಬೆರಳಿನ ಅಗಲ ಅಂತ ಹಳೇ ಕಾಲದವರು ಬೆರಳಿಟ್ಟು ಲೆಕ್ಕ ಹಾಕಿದ್ದರು. ಕೊನೆಯ ಸ್ಕೊಪಿ ಅಂದರೆ ನೋಡುವುದು. ಅಷ್ಟೇ! ಅನ್ನನಾಳ, ಜಠರ, ಹನ್ನೆರಡು ಬೆರಳಿನ ಕರುಳು, ನೋಡು. 26 ಅಕ್ಷರದ ಆ ರೈಲಿನಲ್ಲಿ ನಾಲ್ಕೇ ಬೋಗಿ.

ಇಷ್ಟಾದ ಮೇಲೆ ಗೊತ್ತಾಯಿತು, ಇಂಥ ಪದವನ್ನು ಬಾಲದಿಂದ ಹಿಡಿಯಬೇಕು. ಕೊನೆಯಲ್ಲಿ ಐಟಿಸ್ ಇದ್ದರೆ ಉರಿಯೂತ. ಆಲ್ಜಿಯಾ ಇದ್ದರೆ ನೋವು. ಎಕ್ಟಮಿ ಇದ್ದರೆ ಕತ್ತರಿಸಿ ತೆಗೆಯುವುದು. ಬಾಲ ಗೊತ್ತಾದರೆ ಅರ್ಧ ಹೆದರಿಕೆ ಹೋಯಿತು. ಓಟೋರೈನೋಲ್ಯಾರಿಂಗಾಲಜಿಸ್ಟ್ ಅಂತ 21 ಅಕ್ಷರದ್ದು ಒಂದಿದೆ. ಓಟೋ ಕಿವಿ, ರೈನೋ ಮೂಗು, ಲ್ಯಾರಿಂಗೋ ಗಂಟಲು. ನಮ್ಮ ಕಿವಿ ಮೂಗು ಗಂಟಲು ಡಾಕ್ಟರ್! ರೈನೋ ಸಿಕ್ಕಿದ ಖುಷಿಗೆ ಘೇಂಡಾಮೃಗವೂ ಬಂತು. ರೈನೋಸರಸ್, ಮೂಗಿನ ಮೇಲೆ ಕೊಂಬು ಇರುವುದು.

ಇದನ್ನೆಲ್ಲ ಬರೆದುಕೊಳ್ಳುವಾಗ ನಗು ಬಂತು. ಉದ್ದ ಪದಕ್ಕೆ ಕನ್ನಡದವರು ಯಾಕೆ ಹೆದರಬೇಕು? ನಾವು ದಿನಾ ಅದನ್ನೇ ಮಾಡುತ್ತೇವೆ. ‘ಬರದಿದ್ದವರಿಗೂ’ ಅನ್ನಿ. ಬರದೆ, ಇದ್ದ, ಅವರಿಗೆ, ಊ. ನಾಲ್ಕು ತುಂಡು, ಒಂದೇ ಉಸಿರು. ‘ಹೋಗಬೇಕಾಗಿತ್ತಲ್ವೇನೋ’ ಅನ್ನುವುದನ್ನು ಎರಡು ವರ್ಷದ ಮಗುವೂ ಕೇಳಿ ಅರ್ಥ ಮಾಡಿಕೊಳ್ಳುತ್ತದೆ. ನಮ್ಮಲ್ಲೂ ಮುಖ್ಯ ವಿಷಯ ಇರುವುದು ಬಾಲದಲ್ಲೇ.

ಎಲ್ಲ ಪದಗಳೂ ಬಾಲ ಹಿಡಿದರೆ ಬರುವುದಿಲ್ಲ. ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಮ್ ಇದೆಯಲ್ಲ, 28 ಅಕ್ಷರದ್ದು, ಅದನ್ನು ನಡುವಿನಿಂದ ಬಿಚ್ಚಬೇಕು. ನಡುವೆ ಎಸ್ಟಾಬ್ಲಿಷ್, ಅಂದರೆ ಸ್ಥಾಪಿಸು. ಇಂಗ್ಲೆಂಡಿನಲ್ಲಿ ಚರ್ಚನ್ನು ಸರ್ಕಾರದ ಅಧಿಕೃತ ಚರ್ಚ್ ಅಂತ ಸ್ಥಾಪಿಸಿದ್ದಾರೆ. 19ನೇ ಶತಮಾನದಲ್ಲಿ ಕೆಲವರು ಆ ಸಂಬಂಧ ಕಡಿದುಹಾಕಿ ಅಂತ ಗಲಾಟೆ ಎಬ್ಬಿಸಿದರು. ಅದು ಡಿಸ್‌ಎಸ್ಟಾಬ್ಲಿಷ್‌ಮೆಂಟ್. ಕಡಿಯಬಾರದು ಅಂತ ಅವರ ಎದುರು ನಿಂತವರದ್ದು ಆಂಟಿ. ಕೊನೆಗೆ ಇಸಮ್ ಅಂಟಿಸಿದರೆ ಅದೊಂದು ವಾದ. ಐರ್ಲೆಂಡಿನ ಚರ್ಚಿಗೆ 1869ರ ಕಾನೂನಿನಲ್ಲಿ ಸಂಬಂಧ ಕಡಿಯಿತು. ವೇಲ್ಸಿನಲ್ಲಿ 1920ರಲ್ಲಿ. ಇಂಗ್ಲೆಂಡಿನಲ್ಲಿ ಇವತ್ತಿಗೂ ಕಡಿದಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗಿರುವ ಈ ಪದದಲ್ಲಿ ಒಂದು ನಿಜವಾದ ಜಗಳ ಇದೆ. 45 ಅಕ್ಷರದ ಆ ಕೃತಕ ಪದಕ್ಕಿಂತ ನನಗೆ ಇದರ ಮೇಲೆ ಗೌರವ ಜಾಸ್ತಿ.

ಒಂದು ತಿಂಗಳಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದೇ ಪದ. ಅದರ ಅರ್ಥವನ್ನು ಅಮ್ಮನಿಗೆ ಒಂದೇ ಉಸಿರಿನಲ್ಲಿ ಕನ್ನಡದಲ್ಲಿ ಹೇಳಬೇಕು. ಹೇಳಕ್ಕಾಗಲಿಲ್ಲ ಅಂದರೆ ಆ ಪದ ನನಗೆ ಬಂದಿಲ್ಲ ಅಂತ ಲೆಕ್ಕ.

ಅಮ್ಮ ಮೊದಮೊದಲು ಸುಮ್ನೆ ಕೇಳುತ್ತಿದ್ದಳು. ಆಮೇಲೆ ನನಗಿಂತ ಚುರುಕಾದಳು. ಸರ್ಕಮ್‌ಲೋಕ್ಯೂಷನ್ ಅಂದರೆ ನೇರವಾಗಿ ಹೇಳದೆ ಬೇರೆ ಏನೇನೋ ಹೇಳುವುದು ಅಂತ ನಾನು ಶುರು ಮಾಡಿದೆ. "ಸುತ್ತಿ ಬಳಸಿ ಮಾತಾಡೋದು ಅನ್ನಪ್ಪ. ನಿಮ್ಮ ದೊಡ್ಡಮ್ಮ ಸಾಲ ಕೇಳೋಕೆ ಬಂದಾಗ ಮಾಡ್ತಾಳಲ್ಲ, ಅದು" ಅಂದಳು. ಆಮೇಲೆ ಮೂಲ ನೋಡಿದರೆ ಸರ್ಕಮ್ ಅಂದರೆ ಸುತ್ತ, ಲೋಕ್ವಿ ಅಂದರೆ ಮಾತಾಡು. ಅಮ್ಮ ಲ್ಯಾಟಿನ್ನನ್ನು ಪದಕ್ಕೆ ಪದ ಹಿಡಿದಿದ್ದಳು! ಪ್ರೆಸ್ಟಿಡಿಜಿಟೇಷನ್‌ಗೂ ಹಾಗೇ ಆಯಿತು. ಜಾದೂಗಾರನ ಬೆರಳುಗಳ ವೇಗ ಅಂದೆ. "ಕೈಚಳಕ" ಅಂದು ಟಿವಿ ಕಡೆ ತಿರುಗಿದಳು. 16 ಅಕ್ಷರದ್ದಕ್ಕೆ ಒಂದೇ ಮಾತು.

ಪ್ರೊಕ್ರಾಸ್ಟಿನೇಷನ್ ಬಂದ ದಿನ ನಾನೇ ಸಿಕ್ಕಿಹಾಕಿಕೊಂಡೆ. ಲ್ಯಾಟಿನ್ನಿನಲ್ಲಿ ಕ್ರಾಸ್ ಅಂದರೆ ನಾಳೆ. ಇವತ್ತಿನ ಕೆಲಸವನ್ನು ನಾಳೆಗೆ ತಳ್ಳುವುದು. "ಅದನ್ನ ಬೇರೆ ಕಲೀಬೇಕಾ? ನಿನಗೆ ಹುಟ್ಟಿದಾಗಿಂದ ಬರುತ್ತೆ" ಅಂದಳು.

ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ಹೇಳಿದಾಗ ಮಾತ್ರ ಇಬ್ಬರೂ ಬಿದ್ದು ಬಿದ್ದು ನಕ್ಕೆವು. 29 ಅಕ್ಷರ. 1741ರಲ್ಲೇ ಬರಹದಲ್ಲಿ ಸಿಗುವ ಪದ. ಲ್ಯಾಟಿನ್ ಕಲಿತ ಯಾರೋ ತಮಾಷೆಗೆ ಕಟ್ಟಿದ್ದು. ಬೆಲೆ ಇಲ್ಲದ್ದು ಅನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ಇದ್ದ ನಾಲ್ಕು ಮಾತುಗಳನ್ನು ಸಾಲಾಗಿ ಹೊಲಿದಿದ್ದಾರೆ. ಒಂದು ಉಣ್ಣೆಯ ಎಳೆ, ಒಂದು ಕೆಲಸಕ್ಕೆ ಬಾರದ ವಸ್ತು, ಒಂದು ಸೊನ್ನೆ, ಒಂದು ಕೂದಲು. ಏನನ್ನೋ ಕವಡೆ ಕಿಮ್ಮತ್ತಿಲ್ಲ ಅಂತ ತಳ್ಳಿಹಾಕುವುದು ಅಂತ ಅರ್ಥ. "ಕಾಲಕಸ ಮಾಡೋದು" ಅಂದಳು ಅಮ್ಮ. ಕೂದಲಿಗೆ ಹೋಲಿಸಿ ಬೈಯುವ ಮಾತು ಕನ್ನಡದಲ್ಲೂ ಇದೆ. ಅದನ್ನು ಇಲ್ಲಿ ಬರೆಯುವುದು ಬೇಡ.

ನನಗೆ ತುಂಬಾ ಹಿಡಿಸಿದ್ದು ಒಂದು ಕುಟುಂಬ. ಮ್ಯಾಗ್ನಾನಿಮಸ್ ಅನ್ನುವ ಪದಕ್ಕೆ ಉದಾರ ಅಂತ ಅರ್ಥ ಬರೆದುಕೊಂಡು ಮುಂದೆ ಹೋಗುವವನಿದ್ದೆ. ಒಡೆದು ನೋಡಿದೆ. ಮ್ಯಾಗ್ನಸ್ ಅಂದರೆ ದೊಡ್ಡ. ಅನಿಮಸ್ ಅಂದರೆ ಮನಸ್ಸು, ಆತ್ಮ. ದೊಡ್ಡ ಆತ್ಮ. ಅಂದರೆ ಮಹಾತ್ಮ! ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇನ್ನೂ ಕೆದಕಿದರೆ, ಮ್ಯಾಗ್ನಸ್ಸೂ ಸಂಸ್ಕೃತದ ಮಹತ್ತೂ ಒಂದೇ ಬೇರಿನವು. ಅನಿಮಸ್ ಬಂದದ್ದು ಉಸಿರಾಡು ಅನ್ನುವ ಹಳೇ ಧಾತುವಿನಿಂದ, ನಮ್ಮ ಪ್ರಾಣದೊಳಗಿನ ‘ಅನ್’ ಕೂಡ ಅದೇ. ಅಲ್ಲಿಂದ ಸಾಲಾಗಿ ಬಂದವು. ಯುನಾನಿಮಸ್, ಎಲ್ಲರದ್ದೂ ಒಂದೇ ಮನಸ್ಸು. ಈಕ್ವನಿಮಿಟಿ, ಸಮಚಿತ್ತ. ಪ್ಯೂಸಿಲಾನಿಮಸ್, ತೀರಾ ಸಣ್ಣ ಮನಸ್ಸಿನವನು, ಅಂದರೆ ಪುಕ್ಕಲ. ಒಂದೇ ಸಂಜೆ ನಾಲ್ಕು ಪದ. ಯಾವುದನ್ನೂ ಉರು ಹೊಡೆಯಲಿಲ್ಲ, ಯಾವುದೂ ಮರೆತೂ ಹೋಗಿಲ್ಲ.

ಅರ್ಥ ಬಂದರೆ ಸಾಕು ಅಂದುಕೊಂಡಿದ್ದೆ. ಒಂದು ದಿನ ಬೇರೆ ದೇಶದ ಸಹೋದ್ಯೋಗಿಗೆ ಫೋನಿನಲ್ಲಿ ಇಂಟರ್‌ಆಪರಬಿಲಿಟಿ ಅಂದೆ, ಬೇರೆ ಬೇರೆ ವ್ಯವಸ್ಥೆಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದು ಅಂತ. ಆತ "ಸಾರಿ?" ಅಂದ. ಇನ್ನೊಮ್ಮೆ ನಿಧಾನವಾಗಿ ಅಂದೆ. ಮತ್ತೆ "ಸಾರಿ?" ಮೂರನೇ ಸಲ ಕಿರುಚಿದೆ. ಕೊನೆಗೆ ಟೈಪ್ ಮಾಡಿ ಕಳಿಸಿದೆ. "ಓ!" ಅಂತ ಅವನು ಅದೇ ಪದ ಹೇಳಿದಾಗ ನನಗೆ ಬೇರೆ ಪದ ಕೇಳಿದ ಹಾಗಿತ್ತು. ಅವನು ‘ಬಿ’ ಮೇಲೆ ದಬ್ ಅಂತ ಒತ್ತು ಹಾಕಿದ್ದ, ಉಳಿದದ್ದನ್ನೆಲ್ಲ ಅರ್ಧ ನುಂಗಿದ್ದ. ನಾನು ಎಲ್ಲ ಅಕ್ಷರಕ್ಕೂ ಸಮನಾಗಿ ಪಾಲು ಕೊಟ್ಟಿದ್ದೆ.

ಕನ್ನಡದಲ್ಲಿ ಬರೆದುಕೊಂಡದ್ದರ ತೊಂದರೆ ಆಗ ಗೊತ್ತಾಯಿತು. ನಮ್ಮ ಲಿಪಿ ಸದ್ದನ್ನು ಹಿಡಿಯುತ್ತದೆ, ಒತ್ತನ್ನು ಹಿಡಿಯುವುದಿಲ್ಲ. ನಮ್ಮ ‘ಒತ್ತಕ್ಷರ’ ಬೇರೆ, ಈ ಒತ್ತು ಬೇರೆ. ಅವತ್ತಿನಿಂದ ಕೆಂಪು ಪೆನ್ನಿನಲ್ಲಿ ಒತ್ತು ಬೀಳುವ ಜಾಗದ ಕೆಳಗೆ ಗೆರೆ ಹಾಕತೊಡಗಿದೆ. ಗೆರೆ ಹಾಕುತ್ತಾ ಹಾಕುತ್ತಾ ಒಂದು ಲೆಕ್ಕ ಕಾಣಿಸಿತು. ಕೊನೆಯಲ್ಲಿ ಷನ್, ಇಟಿ, ಇಕ್ ಬಂದರೆ ಒತ್ತು ಅದರ ಹಿಂದಿನ ತುಂಡಿನ ಮೇಲೆ. ಎಲೆಕ್ಟ್ರಿಸಿಟಿಯಲ್ಲಿ ‘ಟ್ರಿ’. ಎಜುಕೇಷನ್‌ನಲ್ಲಿ ‘ಕೇ’. ಫೋಟೋಗ್ರಾಫ್‌ನಲ್ಲಿ ಒತ್ತು ‘ಫೋ’ ಮೇಲೆ, ಫಟಾಗ್ರಫಿಯಲ್ಲಿ ‘ಟಾ’ ಮೇಲೆ, ಫೋಟೋಗ್ರ್ಯಾಫಿಕ್‌ನಲ್ಲಿ ‘ಗ್ರ್ಯಾ’ ಮೇಲೆ. ಒಂದೇ ಪದ, ಬಾಲ ಬದಲಾದ ಹಾಗೆ ಒತ್ತು ಓಡುತ್ತದೆ. ಈ ನಿಯಮಕ್ಕೆ ಬಗ್ಗದವೂ ಇವೆ. ಪಾಲಿಟಿಕ್ಸ್‌ನಲ್ಲಿ ಒತ್ತು ಮೊದಲ ‘ಪಾ’ ಮೇಲೆ. ಪಾಲಿಟಿಕ್ಸ್ ಯಾವತ್ತು ನಿಯಮ ಪಾಲಿಸಿದೆ, ಬಿಡಿ.

ಒಡೆಯುವ ವಿದ್ಯೆ ಕೈ ಕೊಟ್ಟದ್ದೂ ಉಂಟು. ಇನ್ ಅಂದರೆ ಇಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಇನ್‌ವಿಸಿಬಲ್, ಇನ್‌ಕಂಪ್ಲೀಟ್. ಹಾಗಾದರೆ ಡಬ್ಬದ ಮೇಲೆ ಇನ್‌ಫ್ಲೇಮಬಲ್ ಅಂತ ಬರೆದಿದ್ದರೆ ಉರಿಯದ್ದು ಅಂತ ತಾನೇ? ಅಲ್ಲ! ಬೇಗ ಹೊತ್ತಿಕೊಳ್ಳುವುದು ಅಂತ. ಇಲ್ಲಿ ಇನ್ ಅಂದರೆ ಒಳಗೆ, ಉರಿಯೊಳಗೆ. ಇದರಿಂದ ಜನ ಮೋಸ ಹೋಗುತ್ತಾರೆ ಅಂತಲೇ ಈಗ ಎಚ್ಚರಿಕೆಯ ಚೀಟಿಗಳಲ್ಲಿ ಫ್ಲೇಮಬಲ್ ಅಂತ ಹಾಕುವುದು ಜಾಸ್ತಿ. ಎರಡಕ್ಕೂ ಒಂದೇ ಅರ್ಥ.

ಇನ್ನೊಂದು ಸಲ ಮೇಲಧಿಕಾರಿ ನಿವೃತ್ತರಾಗುವಾಗ ಎಲ್ಲರ ಪರವಾಗಿ ನಾನು ಮೇಲ್ ಬರೆದೆ. ನಿಮ್ಮ ಕೊಡುಗೆಯ ಎನಾರ್ಮಿಟಿಯನ್ನು ನಾವು ಮರೆಯುವುದಿಲ್ಲ ಅಂತ. ಎನಾರ್ಮಸ್ ಅಂದರೆ ಭಾರೀ, ಎನಾರ್ಮಿಟಿ ಅಂದರೆ ಭಾರೀತನ ಅಂತ ನನ್ನ ಲೆಕ್ಕ. ಅವರು ನನ್ನ ಮೇಜಿನ ಹತ್ತಿರ ಬಂದು "ಏನ್ರೀ, ನಾನು ಅಂಥ ಘೋರ ಏನು ಮಾಡಿದೆ?" ಅಂದರು. ನಗುತ್ತಲೇ ಅಂದರು, ಪುಣ್ಯ. ಎನಾರ್ಮಿಟಿಗೆ ಹಿಂದಿನಿಂದ ಬಂದ ಅರ್ಥ ದೊಡ್ಡ ಪಾತಕ. ಈಗ ಗಾತ್ರ ಅನ್ನುವುದಕ್ಕೂ ತುಂಬಾ ಜನ ಬಳಸುತ್ತಾರೆ. ಆದರೆ ಭಾಷೆಯ ಬಗ್ಗೆ ಕಟ್ಟುನಿಟ್ಟಿನವರ ಮುಂದೆ ಬಳಸಬಾರದು ಅಂತ ಕಲಿತೆ. ಕಲಿತ ಜಾಗ ಸರಿ ಇರಲಿಲ್ಲ, ಅಷ್ಟೇ.

ಪದಗಳಾದ ಮೇಲೆ ಪದಗುಚ್ಛಗಳಿಗೆ ಬಂದೆ. ಕರಾರು ಪತ್ರದ ಇಂಗ್ಲಿಷ್ ಓದಿದವರಿಗೆ ಗೊತ್ತಿರುತ್ತದೆ. ನಲ್ ಆಂಡ್ ವಾಯ್ಡ್ ಅಂದರೆ ರದ್ದು, ವಿಲ್ ಆಂಡ್ ಟೆಸ್ಟಮೆಂಟ್ ಅಂದರೆ ಉಯಿಲು, ಗೂಡ್ಸ್ ಆಂಡ್ ಚಾಟಲ್ಸ್ ಅಂದರೆ ಸಾಮಾನು ಸರಂಜಾಮು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡೆರಡು ಯಾಕೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಕೋರ್ಟಿನ ಭಾಷೆ ಫ್ರೆಂಚ್ ಆಯಿತು. ಬರಹಕ್ಕೆ ಲ್ಯಾಟಿನ್. ಜನರ ಬಾಯಲ್ಲಿ ಇಂಗ್ಲಿಷ್. ವಾದವನ್ನು ಇಂಗ್ಲಿಷಿನಲ್ಲೇ ಮಾಡಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಅಷ್ಟು ಹೊತ್ತಿಗೆ ಎರಡು ಭಾಷೆಯ ಮಾತನ್ನು ಜೋಡಿಸಿ ಬರೆಯುವ ಚಾಳಿ ಅಂಟಿಬಿಟ್ಟಿತ್ತು. ವಿಲ್ ಹಳೇ ಇಂಗ್ಲಿಷ್, ಟೆಸ್ಟಮೆಂಟ್ ಲ್ಯಾಟಿನ್. ಇಬ್ಬರಿಗೂ ಅರ್ಥವಾಗಲಿ, ಯಾರೂ ತಪ್ಪಿಸಿಕೊಳ್ಳದಿರಲಿ ಅಂತ.

ನಾವು ಬೇರೆ ಏನು ಮಾಡಿದ್ದೇವೆ? ‘ಕಾಗದ ಪತ್ರ’ ಅನ್ನುತ್ತೇವೆ. ಕಾಗದ ಪಾರ್ಸಿ, ಪತ್ರ ಸಂಸ್ಕೃತ.

ಪಾಸ್‌ಪೋರ್ಟಿನ ಒಳಗೆ ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್ ಅಂತ ಒಂದು ಸಾಲು ಇರುತ್ತದೆ. ಪಾಸ್‌ಪೋರ್ಟ್ ಮಾಡಿಸಿ ಎಷ್ಟೋ ವರ್ಷವಾಗಿದ್ದರೂ ಅದನ್ನು ಓದಿರಲೇ ಇಲ್ಲ. ಈಗ ಓದಿದರೆ ತಲೆ ಕೆಟ್ಟಿತು. ಲೆಟ್ ಅಂದರೆ ಬಿಡು ಅಂತ ತಾನೇ? ಬಿಡದೆ ಹೇಗೆ ಒಳಗೆ ಬಿಡುತ್ತಾರೆ? ವಿಷಯ ಏನಪ್ಪಾ ಅಂದರೆ, ಹಳೇ ಇಂಗ್ಲಿಷಿನಲ್ಲಿ ತಡೆಯುವುದು ಅನ್ನುವುದಕ್ಕೆ ಬೇರೊಂದು ಪದ ಇತ್ತು. ಸವೆದು ಸವೆದು ಅದೂ ಲೆಟ್ ಆಯಿತು. ಬಿಡು ಅನ್ನುವುದೂ ಲೆಟ್, ತಡೆ ಅನ್ನುವುದೂ ಲೆಟ್. ತಡೆಯುವ ಲೆಟ್ ಸತ್ತಿತು. ಉಳಿದದ್ದು ಇಂಥ ಗುಚ್ಛಗಳಲ್ಲಿ, ಮತ್ತೆ ಟೆನ್ನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ನೆಟ್‌ಗೆ ತಾಗಿ ಬಿದ್ದಾಗ ಕೂಗುತ್ತಾರಲ್ಲ, ಅಲ್ಲಿ. ಅಮ್ಮನಿಗೆ ಹೇಳಿದೆ. "ತಂಟೆ ತಕರಾರು ಇಲ್ಲದೆ ಒಳಗೆ ಬಿಡಿ ಅಂತ ತಾನೇ" ಅಂದಳು. ತಕರಾರು ಅರಬ್ಬಿಯಿಂದ ಬಂದ ಮಾತು. ಅದೇ ಜೋಡಿ, ಅದೇ ಅರ್ಥ. ನಾನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡೆ.

ಆರು ತಿಂಗಳಾಗುವ ಹೊತ್ತಿಗೆ ನನಗೊಂದು ಚಟ ಅಂಟಿತ್ತು. ಮಾತಾಡುವಾಗ, ಮೇಲ್ ಬರೆಯುವಾಗ ಉದ್ದ ಪದ ತುರುಕುವುದು. ಯೂಸ್ ಅನ್ನುವ ಕಡೆ ಯುಟಿಲೈಸೇಷನ್. ಒಬ್ಬ ಸಹೋದ್ಯೋಗಿ ಸೆಸ್‌ಕ್ವಿಪಿಡೇಲಿಯನ್ ಅಂತ ಹೆಸರಿಟ್ಟಳು. ಒಂದೂವರೆ ಅಡಿ ಉದ್ದದ್ದು ಅಂತ ಅರ್ಥ. ರೋಮಿನ ಕವಿ ಹೊರೇಸ್ ಎರಡು ಸಾವಿರ ವರ್ಷದ ಹಿಂದೆಯೇ ಉದ್ದುದ್ದ ಪದಗಳನ್ನು ಹೀಗೆ ಗೇಲಿ ಮಾಡಿದ್ದ. ಡೇನಿಯಲ್ ಆಪನ್‌ಹೈಮರ್ ಅನ್ನುವ ಮನಶ್ಶಾಸ್ತ್ರಜ್ಞರ ಪ್ರಬಂಧವನ್ನೂ ಅವಳೇ ಕಳಿಸಿದಳು. ಬೇಕಿಲ್ಲದ ಕಡೆ ದೊಡ್ಡ ಪದ ಹಾಕಿದರೆ ಓದುವವರು ಬರೆದವನನ್ನು ಬುದ್ಧಿವಂತ ಅಂದುಕೊಳ್ಳುವ ಬದಲು ಕಮ್ಮಿ ಬುದ್ಧಿಯವನು ಅಂದುಕೊಳ್ಳುತ್ತಾರೆ ಅಂತ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದಕ್ಕೆ 2006ರಲ್ಲಿ ಇಗ್ ನೊಬೆಲ್ ಬಂತು, ನಗು ಬರಿಸುವ ಸಂಶೋಧನೆಗೆ ನೊಬೆಲ್ಲನ್ನು ಅಣಕಿಸಿ ಕೊಡುವ ತಮಾಷೆ ಬಹುಮಾನ. ಪ್ರಬಂಧದ ಹೆಸರನ್ನು ಮಾತ್ರ ಬೇಕಂತಲೇ ಉದ್ದುದ್ದ ಪದಗಳಲ್ಲಿ ಇಟ್ಟಿದ್ದಾರೆ. ಅದನ್ನು ನಾನು ಒಡೆಯದೆ, ಗೀಟು ಹಾಕದೆ ಓದಿದೆ. ಆ ಖುಷಿಯಲ್ಲಿ ಅವಮಾನ ಆದದ್ದು ಅಷ್ಟಾಗಿ ಗೊತ್ತಾಗಲಿಲ್ಲ.

ನಮ್ಮ ಸಾಫ್ಟ್‌ವೇರಿನವರಂತೂ ಇಂಟರ್‌ನ್ಯಾಷನಲೈಸೇಷನ್ ಅಂತ ದಿನಾ ಬರೆದು ಬೇಜಾರಾಗಿ ಐ 18 ಎನ್ ಅಂತ ಮಾಡಿಕೊಂಡಿದ್ದಾರೆ. ಮೊದಲಿನ ಐ, ಕೊನೆಯ ಎನ್, ನಡುವಿನ 18 ಅಕ್ಷರಕ್ಕೆ ಒಂದು ಅಂಕಿ. ಉದ್ದ ಪದ ನಿಜವಾಗಿ ಬೇಕಾದವರು ಅದನ್ನು ಮೊದಲು ಕತ್ತರಿಸುತ್ತಾರೆ. ಬೇಡದವರೇ ಅದನ್ನು ಪೂರ್ತಿ ಹೇಳುವುದು, ನನ್ನ ಹಾಗೆ.

ವರ್ಷ ಕಳೆಯುವಷ್ಟರಲ್ಲಿ ಅಮ್ಮನಿಗೆ ಮೈಮೇಲೆ ದದ್ದು ಶುರುವಾಯಿತು. ಎರಡು ತಿಂಗಳಾದರೂ ಹೋಗಲಿಲ್ಲ. ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಚೀಟಿಯಲ್ಲಿ ಈ ಸಲ ಮೂರು ಪದ. ಕ್ರಾನಿಕ್ ಇಡಿಯೋಪತಿಕ್ ಅರ್ಟಿಕೇರಿಯಾ. ಹೊರಗೆ ಬೆಂಚಿನ ಮೇಲೆ ಕೂತಾಗ ಅಮ್ಮ ಕೇಳುವ ಮೊದಲೇ ನಾನು ಚೀಟಿ ಕಿತ್ತುಕೊಂಡೆ.

"ನೋಡಮ್ಮ, ಕ್ರೋನೋಸ್ ಅಂದರೆ ಗ್ರೀಕಿನಲ್ಲಿ ಕಾಲ. ತುಂಬಾ ದಿನದಿಂದ ಇರೋದು ಅಂತ. ಅರ್ಟಿಕಾ ಅಂದರೆ ಲ್ಯಾಟಿನ್ನಿನಲ್ಲಿ ತುರಿಕೆ ಗಿಡ. ಅದು ತಾಗಿದಾಗ ಏಳುತ್ತಲ್ಲ, ಅಂಥ ದದ್ದು. ಇಡಿಯೋಸ್ ಅಂದರೆ ತನ್ನದೇ ಆದ, ಪಾಥೋಸ್ ಅಂದರೆ ಬಾಧೆ. ತಾನಾಗೇ ಬಂದದ್ದು, ಯಾಕೆ ಬಂತು ಅಂತ ಗೊತ್ತಿಲ್ಲ."

ಅಮ್ಮ ಮೊಣಕೈ ಕೆರೆದುಕೊಳ್ಳುತ್ತಾ ಕೇಳಿದಳು.

"ಅಂದ್ರೆ ಬಹಳ ದಿನದಿಂದ ತುರಿಸ್ತಿದೆ, ಯಾಕೆ ಅಂತ ಗೊತ್ತಿಲ್ಲ."

"ಹೂಂ, ಅಷ್ಟೇ."

"ಒಳಗೆ ಹೋಗಿ ಅವರಿಗೆ ನಾನು ಹೇಳಿದ್ದೂ ಅದನ್ನೇ ಅಲ್ವೇನೋ?"